ಎದೆ ಎಂದು ಬರೆದ ಚೀಟಿ

ಇಟ್ಟಿಗಿ
೧೪-೨-೨೦೦೧

ಸಿಸ್ಟರ್ ಪುಷ್ಪಲತಾ ಅವರಿಗೆ ಹಾಲಮ್ಮನ ನಮಸ್ಕಾರ.

ದೀಪಾವಳಿ ಮುಂದೆ ನಮ್ಮೂರ ಶಾಲೆಯಲ್ಲಿ ಹೆಂಗಸರ ತಪಾಸಣೆ ಮಾಡಿದಾಗ ನನ್ನ ಎಡಗಡೆಯ ಗಂಟು ನಿಮ್ಮ ಕೈಗೇ ಸಿಕ್ಕಿತ್ತು. ನೀವು ಮರ್ಯಾದೆಯಿಂದ "ಎದೆ ಪರೀಕ್ಷೆ ಆಗಬೇಕು" ಎಂದು ಚೀಟಿ ಬರೆದುಕೊಟ್ಟಿರಿ. ನಮ್ಮ ಯಜಮಾನರು ಅದನ್ನು ಓದಿ, ಮರುದಿನವೇ ಹೊಸಪೇಟೆಗೆ ಹೃದಯದ ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿ ವೈರು ಹಚ್ಚಿ ಕಾಗದ ತೆಗೆದರು. ಗಂಡ, ಮೈದುನ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ.

ಈಗ ಹೂ ಬಿಡಿಸಲು ಕೈ ಚಾಚಿದರೆ ಜಗ್ಗುತ್ತದೆ. ಹೇಳಹೋದರೆ ಯಜಮಾನರು, "ನಿನ್ನ ಎದಿ ಗಟ್ಟಿ ಐತಿ ಅಂತ ದೊಡ್ಡ ಡಾಕ್ಟರೇ ಹೇಳ್ಯಾರ, ಸುಮ್ನ ಯಾಕ ಹೆದರ್ತಿ" ಅನ್ನುತ್ತಾರೆ. ಕೆಟ್ಟವರಲ್ಲ. ಆ ಕಾಗದವನ್ನು ಬಂದವರಿಗೆಲ್ಲ ತೋರಿಸುತ್ತಾರೆ.

ನನಗೆ ಐವತ್ತೆರಡು. ಮೂರು ಮಕ್ಕಳಿಗೆ ಹಾಲು ಕುಡಿಸಿದವಳು. ಆದರೂ ಗಂಡನ ಮುಂದೆ ಆ ಶಬ್ದ ನಾಲಿಗೆಗೆ ಬರುವುದಿಲ್ಲ. ನೀವೇ ಅವರ ಹೆಸರಿಗೆ ಇನ್ನೊಂದು ಚೀಟಿ ಬರೆಯಿರಿ. ಕಾರ್ಡು ಬೇಡ, ಲಕೋಟೆಯಲ್ಲಿ ಹಾಕಿ. ಅವರು ಓದುವಾಗ ನಾನು ಹಿತ್ತಲಲ್ಲಿರುತ್ತೇನೆ.

ಈ ಸಲ ಮರ್ಯಾದೆ ನೋಡಬೇಡಿ, ಸಿಸ್ಟರ್. ಎದೆ ಎಂದು ಮಾತ್ರ ಬರೆಯಬೇಡಿ.

ಲಕೋಟೆಯ ದಾರಿ ನೋಡುವ,
ಹಾಲಮ್ಮ