ಭಾವನ ಮಣ್ಣಿನ ಕಟ್ಟ

ಮೇ 14, ಬುಧವಾರ

ಹೇಸಿಗೆಯಾಗುತ್ತದೆ. ನಮ್ಮ ಮನೆಯ ಮೇಲ್ಗಡೆ ಇಮ್ತಿಯಾಝ್ ಭಾವ ತೊರೆಗೆ ಅಡ್ಡಲಾಗಿ ನೀರು ನಿಲ್ಲಿಸಲು ಹಾಕಿಸಿದ ಮಣ್ಣಿನ ಕಟ್ಟದ ಬುಡದಲ್ಲಿ ಕೆಂಪು ನೀರು ಜಿನುಗುತ್ತಿತ್ತು. ಒಳಗಿನ ಮಣ್ಣೇ ಕರಗಿ ಬರುತ್ತಿದೆ. ಇವತ್ತು ಅಲ್ಲಿಗೆ ಸಿಮೆಂಟು ಮೆತ್ತಿ ಹಸಿರು ಬಣ್ಣ ಬಳಿಸಿದ್ದಾರೆ. ದುಡ್ಡು ಕೊಟ್ಟು ದೋಣಿಯಲ್ಲಿ ಕೂತು ಮದುವೆಯ ಫೋಟೋ ತೆಗೆಸಲು ಬರುವವರಿಗೆ ಕಾಣಬಾರದಂತೆ.

"ಮಳೆಗೆ ಮುಂಚೆ ಕಟ್ಟ ಕಡಿದು ನೀರು ಬಿಡುವುದು ಕ್ರಮ ಅಲ್ವಾ ಭಾವ?" ಎಂದೆ.

"ಮತ್ತೆ ದೋಣಿ ಎಲ್ಲಿ ಬಿಡುವುದು, ನಿನ್ನ ತಲೆಯ ಮೇಲಾ ಮಾರಾಯ್ತಿ?" ಎಂದು ನಕ್ಕರು. "ಸೋರುವುದು ನಿಂತಿತಲ್ಲ, ಇನ್ನೆಂತ ಬೇಕು?"

ಹೊರಗೆ ಮುಚ್ಚಿದರೆ ಒಳಗಿನ ನೀರು ಸುಮ್ಮನಿರುತ್ತದಾ?

ಬರುವಾಗ ನೋಡಿದೆ. ಕಟ್ಟದ ಕೆಳಗೆ ಕಟ್ಟುತ್ತಿದ್ದ ಆಡುಗಳನ್ನೆಲ್ಲ ಭಾವ ಗುಡ್ಡೆಯ ಮೇಲಕ್ಕೆ ಸಾಗಿಸಿದ್ದಾರೆ. ನಾನು, ನನ್ನ ಮಗಳು ಶಮ್ನಾ ಮಾತ್ರ ಕೆಳಗೆ. ನಾಳೆ ಬೆಳಿಗ್ಗೆಯೇ ಅವಳನ್ನು ಎತ್ತಿಕೊಂಡು ಪರ್ಕಳಕ್ಕೆ, ತವರಿಗೆ, ಉಮ್ಮನ ಮನೆಗೆ. ಅಕ್ಕ ಕೇಳಿದರೆ ಎಂತ ಹೇಳುವುದು, ನಿನ್ನ ಗಂಡನಿಗೆ ನಾವು ಆಡಿಗಿಂತಲೂ...