ಗಾಳಿಗಂಡಿ ದಾಟುವ ಮುನ್ನ

ಮರುಪುಷ್ಯ ಮಾಸದ ನಲವತ್ತೊಂದನೆಯ ದಿನ, ಕ್ರಿಸ್ತಶಕ ೨೩೮೭
ಸುರಂಗಬಾಯಿ ಊರು

ಈ ಚಳಿಗಾಲದಲ್ಲಿ ಹಿಮದ ಬೆಟ್ಟ ಹತ್ತಲು ತಯಾರಿ ನಡೆಸಿರುವ ಹಿಂದಿನ ಕಾಲದವರಿಗೆ ರಾಚಮ್ಮ ಮಾಡುವ ನಮಸ್ಕಾರ.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತೆಂದು ನೀವು ಹುಬ್ಬೇರಿಸುತ್ತೀರಿ. ನಮ್ಮ ಎತ್ತರದಲ್ಲಿ ಚಳಿಗಾಲ ಹಿಗ್ಗುತ್ತಾ ಹೋದಾಗ ಹಿರಿಯರು ಪುಷ್ಯದ ಬೆನ್ನಿಗೆ ಇನ್ನೊಂದು ಪುಷ್ಯ ಹೊಲಿದರು, ಅದೂ ಸಾಲದೆ ಅದರ ದಿನಗಳನ್ನು ಎಳೆದರು. ಅದೇ ಮರುಪುಷ್ಯ. ನನ್ನ ಬರವಣಿಗೆ ಸರ್ಕಾರಿ ಪ್ರಕಟಣೆಯಂತೆ ಕೇಳಿಸಿದರೆ ಮನ್ನಿಸಬೇಕು. ನಾವು ಅಕ್ಷರ ಕಲಿಯುವುದು ಕುಸಿದುಬಿದ್ದ ಸುರಂಗದ ಗೋಡೆಯ ಮೇಲಿನ ಎಚ್ಚರಿಕೆಯ ಬರಹಗಳಿಂದ. ಆ ಸುರಂಗ ಕೊರೆಯಲೆಂದೇ ನಮ್ಮ ಹಿರಿಯರು ಯಾದಗಿರಿಯ ಕಡೆಯಿಂದ ಹಿಮಾಲಯಕ್ಕೆ ಬಂದರಂತೆ. ಕೆಳಗಿನ ನೆಲ ಕಾದು ಬಾಳಲಾರದಂತಾದ ಮೇಲೆ ವಾಪಸ್ಸು ಹೋಗಲು ಊರೇ ಉಳಿದಿರಲಿಲ್ಲ. ಹಾಗಾಗಿ ಇಲ್ಲೇ ಮನೆ ಕಟ್ಟಿದರು, ಇಲ್ಲಿಯವರೊಡನೆ ಬೀಗತನ ಬೆಳೆಸಿದರು, ಜೋಳದ ಬದಲು ಜವೆಗೋಧಿಯ ರೊಟ್ಟಿ ಬಡಿಯಲು ಕಲಿತರು.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ದೊಡ್ಡ ನಡಿಗೆಗೆ ಮುಂಚೆ ಮನೆಯವರೊಬ್ಬರು ಹಿಂದಿನವರಿಗೆ ಬರೆದು, ಸುರುಳಿ ಸುತ್ತಿ, ಹಳೆಯ ಮಂಜುಗಡ್ಡೆಯ ಬಿರುಕಿನಲ್ಲಿ ಇಳಿಬಿಡಬೇಕು. ಮಂಜುಗಡ್ಡೆಗೆ ಕಾಲದ ಹಿಂದು ಮುಂದು ತಿಳಿಯುವುದಿಲ್ಲ, ಯಾರ ಕೈಗಾದರೂ ಮುಟ್ಟಿಸುತ್ತದೆ ಎಂದು ಹಿರಿಯರ ನಂಬಿಕೆ. ಸಾಮಾನ್ಯವಾಗಿ ಇದರಲ್ಲಿ ಆಶೀರ್ವಾದ ಬೇಡುತ್ತಾರೆ. ನನಗೆ ಆಶೀರ್ವಾದ ಬೇಡ. ನನಗೆ ಬೇಕಾದದ್ದೇ ಬೇರೆ, ಅದನ್ನು ಹೇಳುವ ಮುಂಚೆ ನಮ್ಮ ಸ್ಥಿತಿ ನಿಮಗೆ ಗೊತ್ತಾಗಬೇಕು.

ನನ್ನ ಮಗಳು ಚಂದವ್ವನ ಹೃದಯದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಅಂಗಳದಿಂದ ಒಲೆಯ ತನಕ ನಡೆದರೂ ತುಟಿ ನೀಲಿಯಾಗುತ್ತದೆ, ಅಲ್ಲೇ ಕುಕ್ಕರಿಸಿಬಿಡುತ್ತಾಳೆ. ಅದನ್ನು ಸರಿಮಾಡುವ ವೈದ್ಯಶಾಲೆ ಬೆಟ್ಟದ ಆಚೆಗಿದೆ. ಸುರಂಗ ಮುಚ್ಚಿಹೋಗಿದೆ. ಹಾರುವ ಬಂಡಿಗಳನ್ನು ನಾವು ಚಿತ್ರದಲ್ಲಿ ಮಾತ್ರ ನೋಡಿದ್ದೇವೆ. ಉಳಿದಿರುವುದು ಎರಡು ಶಿಖರಗಳ ನಡುವೆ ಇರುವ ಗಾಳಿಗಂಡಿ ಒಂದೇ. ಬೇಸಿಗೆಯಲ್ಲಿ ಅದನ್ನು ಕುರಿಗಳೂ ದಾಟುತ್ತವೆ. ಆದರೆ ಹಿಮ ಕರಗುವ ತನಕ ಹುಡುಗಿ ಉಳಿಯುವುದಿಲ್ಲ ಎಂದು ನಮ್ಮ ಸೂಲಗಿತ್ತಿ ನನ್ನ ಕೈ ಹಿಡಿದುಕೊಂಡು ಹೇಳಿದಳು. ಅವಳು ಸುಮ್ಮಸುಮ್ಮನೆ ಕೈ ಹಿಡಿಯುವ ಹೆಂಗಸಲ್ಲ.

ಗಟ್ಟಿಮುಟ್ಟಾದ ಗಂಡಸರೆಲ್ಲ ಹಿಮ ಬೀಳುವ ಮುಂಚೆಯೇ ಕುರಿ ಹೊಡೆದುಕೊಂಡು ಕೆಳಗಿನ ಹುಲ್ಲುಗಾವಲಿಗೆ ಹೋಗಿದ್ದಾರೆ. ನನ್ನ ಗಂಡ ಮಹಾಂತನ ಕಾಲ್ಬೆರಳುಗಳನ್ನು ಹಿಂದೊಂದು ಚಳಿಗಾಲ ತಿಂದುಹಾಕಿದೆ, ಅವನು ಬೆಟ್ಟ ಹತ್ತಲಾರ. ಊರಿನಲ್ಲಿ ಉಳಿದವರ ಪೈಕಿ ಹೊರಡಬಲ್ಲವರು ನನ್ನ ಭಾವ ಸಾಯಬಣ್ಣ, ಪಕ್ಕದ ಮನೆಯ ತಂಡುಪ, ಮತ್ತೆ ನಾನು. ಇಬ್ಬರು ಗಂಡಸರು ಸರದಿಯ ಮೇಲೆ ಹುಡುಗಿಯನ್ನು ಬೆನ್ನಬುಟ್ಟಿಯಲ್ಲಿ ಹೊರುವುದು, ನಾನು ಗುಡಾರ ಮತ್ತು ಬುತ್ತಿ ಹೊರುವುದು ಎಂದಾಯಿತು. ಬುತ್ತಿಗೆ ಕಟಕ ರೊಟ್ಟಿ, ಜರ್ದಾಳು ಬೀಜದ ಚಟ್ನಿಪುಡಿ. ಕಟಕ ರೊಟ್ಟಿ ಹಗುರ, ಕೆಡುವುದಿಲ್ಲ, ಮಡಿಸಿದರೆ ಮುರಿಯುತ್ತದೆ ಅಷ್ಟೆ. ಮಹಾಂತ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ಗೋಡೆಗೆ ಒರಗಿಸಿಟ್ಟ. ಬರಲಾಗದ ಸಿಟ್ಟನ್ನೆಲ್ಲ ಅವನು ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದ.

ನಮ್ಮಲ್ಲಿ ಮನೆನಡಿಗೆ ಎಂಬ ಪದ್ಧತಿ ಇದೆ. ಚಳಿಗಾಲದ ಬೆಟ್ಟಕ್ಕೆ ಹೊರಡುವವರು ಮೊದಲು ಊರಿನ ಕಣಜದ ಹಜಾರದಲ್ಲಿ ಆ ನಡಿಗೆಯನ್ನು ಪೂರ್ತಿ ನಡೆದು ತೋರಿಸಬೇಕು. ಅದೇ ಹೊರೆ ಹೊತ್ತು, ಅದೇ ಬುತ್ತಿ ತಿಂದು, ಎಷ್ಟು ದಿನದ ದಾರಿಯೋ ಅಷ್ಟೂ ದಿನ ಸುತ್ತು ಹಾಕಬೇಕು. ಮೇಲೆ ಎಲ್ಲಿ ಗುಡಾರ ಹಾಕುತ್ತೇವೋ ಅಲ್ಲಿಯೇ ಎಂದುಕೊಂಡು ಹಜಾರದ ಮೂಲೆಯಲ್ಲಿ ಮಲಗಬೇಕು. ಊರಿನವರು ಗೋಡೆಗುಂಟ ಕೂತು ತಪ್ಪು ಹುಡುಕುತ್ತಾರೆ, ಬೇಕಾದಷ್ಟು ಗೇಲಿಯನ್ನೂ ಮಾಡುತ್ತಾರೆ. ತಪ್ಪಿಲ್ಲದೆ ಮುಗಿದರೆ ಮಾತ್ರ ಊರು ಬಾಗಿಲು ತೆರೆಯುತ್ತದೆ. ನಿಮ್ಮ ಕಾಲದಲ್ಲಿ ನೀವು ನಕ್ಷೆ ಹರಡಿಕೊಂಡು ಬೆರಳಿನಲ್ಲಿ ಬೆಟ್ಟ ದಾಟುತ್ತಿದ್ದಿರಂತೆ. ಬೆರಳಿಗೆ ಸುಸ್ತಾಗುವುದಿಲ್ಲ ನೋಡಿ.

ನಾವು ಚೆನ್ನಾಗಿಯೇ ನಡೆದೆವು. ತಂಡುಪನ ಬೆನ್ನ ಮೇಲೆ ಚಂದವ್ವ ರಾಣಿಯ ಠೀವಿಯಲ್ಲಿ ಕೂತಿದ್ದಳು. ಪ್ರತಿ ಸುತ್ತಿಗೂ ಬಾಗಿಲ ಬಳಿ ನಮ್ಮತ್ತೆ ಚೊಂಬು ಹಿಡಿದು ನಿಂತಿರುತ್ತಿದ್ದರು. ದಣಿದು ಬಂದವರಿಗೆ ನೀರು ಕೊಡದೆ ಕಳಿಸುವುದು ನಮ್ಮ ಜನಕ್ಕೆ ಆಗದ ಮಾತು. ಯಾದಗಿರಿಯಲ್ಲಿ ನೀರಿನ ಜೊತೆ ಬೆಲ್ಲ ಕೊಡುತ್ತಿದ್ದರಂತೆ, ಇಲ್ಲಿ ಒಂದು ಒಣ ಜರ್ದಾಳು ಹಣ್ಣು. ನಾವು ಕುಡಿದೆವು, ಬಾಯಿ ಒರೆಸಿಕೊಂಡೆವು, ನಡೆದೆವು. ಕೊನೆಯ ಸುತ್ತು ಮುಗಿಸಿ ಬುಟ್ಟಿ ಇಳಿಸಿದಾಗ ಗೋಡೆಗುಂಟ ಕೂತವರೆಲ್ಲ ತಲೆಯಾಡಿಸಿದರು. ಯಾರಿಗೂ ಒಂದು ತಪ್ಪೂ ಕಂಡಿರಲಿಲ್ಲ.

ಆಗ ಚಂದವ್ವ ಅಜ್ಜಿಯ ಕೈಯ ಚೊಂಬು ನೋಡುತ್ತಾ, “ಯವ್ವಾ, ಅಲ್ಲಿ ಮ್ಯಾಲ ನೀರು ಯಾರ್ ಕೊಡ್ತಾರ?” ಎಂದಳು.

ನಮ್ಮತ್ತೆ ಚೊಂಬನ್ನು ಸೆರಗಿನ ಮರೆಗೆ ಸರಿಸಿದರು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ. ಗಾಳಿಗಂಡಿಯ ದಾರಿಯಲ್ಲಿ ಚಳಿಗಾಲಕ್ಕೆ ಹರಿಯುವ ನೀರೇ ಇಲ್ಲ. ಹಿಮ ಕರಗಿಸಿಕೊಂಡೇ ಕುಡಿಯಬೇಕು. ಹಾಗೆಯೇ ಬಾಯಿಗೆ ಹಾಕಿಕೊಂಡರೆ ಮೈಯ ಕಾವೆಲ್ಲ ಹೋಗಿ ಇನ್ನೂ ಬೇಗ ಸಾಯುತ್ತೇವೆ. ಕರಗಿಸಲು ಕುಳ್ಳು ಬೇಕು, ಚಮರಿಯ ಸಗಣಿಯ ಒಣ ಕುಳ್ಳು. ಅದರಲ್ಲೂ ನಾವು ಆರಿಸಿದ್ದು ಕಟಕ ರೊಟ್ಟಿ, ನೀರಿಲ್ಲದೆ ಗಂಟಲಿನಿಂದ ಇಳಿಯದ ಬುತ್ತಿ. ಸಾಯಬಣ್ಣ ಭಾವ ಬೇಕಾದ ಕುಳ್ಳನ್ನು ಚೀಲಕ್ಕೆ ತುಂಬಿ ಎತ್ತಿ ನೋಡಿದರು. ಹೆಚ್ಚುಕಡಿಮೆ ಚಂದವ್ವನಷ್ಟೇ ತೂಕ.

“ಹುಡುಗಿ ಖರೆ ಹೇಳ್ಯಾಳ. ಈಗ ಹೊರಾವ್ರು ಯಾರು?” ಎಂದರು ಭಾವ.

ಅಲ್ಲಿಂದೀಚೆಗೆ ನಾವು ಆ ಹೊರೆಗಳನ್ನು ಕಟ್ಟುವುದು, ಬಿಚ್ಚುವುದು ಇಷ್ಟನ್ನೇ ಮಾಡಿದ್ದೇವೆ. ಗುಡಾರ ಬಿಟ್ಟರೆ ಗಾಳಿಗೆ ಸಾಯುತ್ತೇವೆ, ಕುಳ್ಳು ಬಿಟ್ಟರೆ ಬಾಯಾರಿ ಸಾಯುತ್ತೇವೆ, ಸುಮ್ಮನೆ ಮನೆಯಲ್ಲಿದ್ದರೆ ಅವಳೊಬ್ಬಳು ಸಾಯುತ್ತಾಳೆ. ಹೇಗೆ ಕಟ್ಟಿದರೂ ಗಂಡಿಯನ್ನು ದಾಟಿ ಆಚೆ ಇಳಿಯುವ ತನಕ ಮೂರು ಬಾಯಿಗೆ ಮಾತ್ರ ನೀರು ಸಾಲುತ್ತದೆ. ಹುಡುಗಿಯನ್ನು ಆ ಏರಿನಲ್ಲಿ ಹೊರಲು ಇಬ್ಬರು ಗಂಡಸರೂ ಬೇಕೇಬೇಕು. ಹಾಗಾದರೆ ಮೂರನೆಯ ಬಾಯಿ ಚಂದವ್ವನದು. ನಾಲ್ಕನೆಯದು ನನ್ನದು.

ಆದ್ದರಿಂದ ಹೀಗೆ ತೀರ್ಮಾನವಾಗಿದೆ. ಕುಳ್ಳಿನ ಚೀಲವನ್ನು ನಾನು ಗಂಡಿಯ ಬುಡದ ತನಕ ಹೊರುತ್ತೇನೆ, ಗುಡಾರ ಮತ್ತು ಬುತ್ತಿ ಹುಡುಗಿಯನ್ನು ಹೊರದ ಗಂಡಸಿನ ಪಾಲಿಗೆ. ಅಷ್ಟರಲ್ಲಿ ಬುತ್ತಿ ಕರಗಿ ಅವರ ಹೊರೆ ಹಗುರಾಗಿರುತ್ತದೆ. ಉಳಿದ ಕುಳ್ಳನ್ನೆಲ್ಲ ಭಾವನಿಗೆ ಒಪ್ಪಿಸಿ, ನಾನು ಬೆಂಕಿಯಿಲ್ಲದೆ ಹಿಂದಿರುಗುತ್ತೇನೆ. ಭಾವ ಒಪ್ಪಲಿಲ್ಲ, “ಬೆಂಕಿ ಇಲ್ದ ನೀ ಹ್ಯಾಂಗ ಬರ್ತಿ, ರಾಚವ್ವಾ?” ಎಂದು ಸಿಟ್ಟು ಮಾಡಿದರು. ಮಹಾಂತ ಮತ್ತೆ ಒಲೆಯ ಮುಂದೆ ಕೂತ. ತಿರುಗಿ ಬರುವ ದಾರಿಗೆಂದು ಮೆತ್ತನೆಯ ರೊಟ್ಟಿ ಮಾಡಿ, ಎದೆಯ ಹತ್ತಿರ ಕಟ್ಟಿಕೊಳ್ಳಲು ನನ್ನ ಹಳೆಯ ಸೀರೆಯಲ್ಲಿ ಒಂದು ಚೀಲ ಹೊಲಿದುಕೊಟ್ಟ. ನಾನು ಅಡುಗೆಮನೆಯ ಹಿಂದೆ ಹೋಗಿ ಅತ್ತುಬಿಟ್ಟೆ. ನನಗೆ ಭಯವಾಗಿದೆ, ಅದನ್ನು ಮುಚ್ಚಿಟ್ಟು ನಿಮ್ಮ ಮುಂದೆ ದೊಡ್ಡಸ್ತಿಕೆ ತೋರಿಸುವುದಿಲ್ಲ. ಚಂದವ್ವನಿಗೆ ನಾನು ಗಂಡಿ ದಾಟುವುದಿಲ್ಲವೆಂದು ಹೇಳಿಲ್ಲ. ಆಚೆಯ ಊರಿನಲ್ಲಿ ನಾವಿಬ್ಬರೂ ಏನೇನು ನೋಡಬೇಕೆಂದು ಅವಳು ಕೇಳುತ್ತಲೇ ಇದ್ದಾಳೆ. ನಾನೂ ಹೇಳುತ್ತಲೇ ಇದ್ದೇನೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಗಂಡಿಯ ಬುಡದಲ್ಲಿ, ಈಚೆಯ ಇಳಿಜಾರಿನಲ್ಲಿ ನೂರಾರು ಮೋಟುಗಳಿವೆ. ಭೂರ್ಜ ಮರದ ಮೋಟುಗಳು, ನೆಲಮಟ್ಟಕ್ಕೆ ಕಡಿದವು, ಮಂಜಿನಲ್ಲಿ ಕಲ್ಲಾಗಿ ಉರುವಲಿಗೂ ಬಾರದವು. ಇಲ್ಲಿನ ಚಳಿಗೆ ಯಾವುದೂ ಕೊಳೆಯುವುದಿಲ್ಲ, ಕೊಡಲಿಯ ಏಟು ಇನ್ನೂ ಹೊಸದರಂತೆ ಕಾಣುತ್ತದೆ. ಅವುಗಳ ನಡುವೆ ವೃತ್ತವಾಗಿ ಜೋಡಿಸಿದ ಕಲ್ಲುಗಳು, ಒಳಗೆ ಮಸಿ, ಸುತ್ತಲೂ ಬಣ್ಣದ ಪೊಟ್ಟಣಗಳು. ಬಂಡೆಯ ಮೇಲೆ ನಿಮ್ಮ ಹೆಸರುಗಳು, ಬಂದ ವರ್ಷ, ಕೆಲವು ಕಡೆ ಹೃದಯದ ಚಿತ್ರ. ನೀವು ಅಲ್ಲಿ ಬೆಂಕಿಯ ಸುತ್ತ ಕೂತು ಹಾಡಿದ್ದೀರಿ ಎಂದು ಊಹಿಸುತ್ತೇನೆ. ಚಳಿಯಲ್ಲಿ ಬೆಟ್ಟ ಹತ್ತುವುದು ನಿಮಗೆ ಸಂತೋಷದ ವಿಷಯವಾಗಿತ್ತು, ಅದಕ್ಕಾಗಿ ತಿಂಗಳುಗಟ್ಟಲೆ ಯೋಚಿಸಿ ಬರುತ್ತಿದ್ದಿರಿ ಎಂಬುದನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸಿಟ್ಟೂ ಬರುತ್ತದೆ. ಆದರೆ ಬೇಡುವವಳು ಬಯ್ಯಬಾರದು.

ನೀವು ಬನ್ನಿ, ಬೇಡವೆನ್ನುವುದಿಲ್ಲ. ಹೊರೆ ಕಟ್ಟುವಾಗ ನಿಮ್ಮ ಒಲೆ, ನಿಮ್ಮ ಉರುವಲು ನೀವೇ ತನ್ನಿ. ಹಾಡು ಬೇಕಿದ್ದರೆ ಕತ್ತಲಲ್ಲೇ ಹಾಡಿ. ಕೊಡಲಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ. ಆ ತೋಪಿನಲ್ಲಿ ಒಂದಿಷ್ಟು ಮರ ಉಳಿದಿದ್ದರೆ ಅವುಗಳ ಬೀಜದಿಂದ ಇನ್ನೊಂದಿಷ್ಟು, ಅವುಗಳಿಂದ ಮತ್ತೊಂದಿಷ್ಟು ನನ್ನ ಕಾಲಕ್ಕೆ ಮುಟ್ಟುತ್ತಿದ್ದವು. ಒಣಗಿ ಬಿದ್ದ ರೆಂಬೆ ಆಯ್ದುಕೊಂಡರೂ ಒಬ್ಬ ಹೆಂಗಸಿಗೆ ಒಂದು ಚೊಂಬು ಹಿಮ ಕರಗಿಸಲು ಸಾಕು.

ಹೋದ ಬೇಸಿಗೆಯಲ್ಲಿ ನಾನು ಅಲ್ಲಿಯ ತನಕ ಹೋಗಿ ಬಂದಿದ್ದೆ. ಮೋಟುಗಳಷ್ಟೇ ಇದ್ದವು. ಆದರೆ ಆಗ ನಾನಿನ್ನೂ ಈ ಓಲೆ ಬರೆದಿರಲಿಲ್ಲವಲ್ಲ.

ಬೆಳಿಗ್ಗೆ ಗಾಳಿ ನಿಂತರೆ ಹೊರಡುತ್ತೇವೆ. ಗಂಡಿಯ ಬುಡದಲ್ಲಿ ಮಗಳನ್ನು ಕಳಿಸಿಕೊಟ್ಟು, ಅವಳ ಬುಟ್ಟಿ ಕಣ್ಮರೆಯಾಗುವ ತನಕ ನಗುನಗುತ್ತಾ ನಿಂತಿರುತ್ತೇನೆ. ಆಮೇಲೆ ಹಿಂದಕ್ಕೆ ತಿರುಗಿ ಆ ಇಳಿಜಾರಿನಲ್ಲಿ ಒಂದಾದರೂ ಮರ ನಿಂತಿದೆಯೇ ಎಂದು ನೋಡುತ್ತೇನೆ.