ಹಾಡದೆ ಉಳಿದ ಚರಮಗೀತೆ

ಮಾರ್ಟಿನ್ ಸಂತನ ಹಬ್ಬದ ಮರುದಿನ, ೧೬೧೧

ನನ್ನ ಜಾಗದಲ್ಲಿ ಇವತ್ತು ಲ್ಯಾಟಿನ್ ಪಂಡಿತ ಕೂತಿದ್ದ. ದೊರೆಯ ಬಲಗಡೆಯ ಆ ಪೀಠ ನನ್ನ ಅಜ್ಜ, ಅಪ್ಪ ಕೂತು ಸವೆಸಿದ್ದು. ಪ್ಯಾರಿಸ್ಸಿನಲ್ಲಿ ಓದಿ ಬಂದ ಹೊಸ ದೊರೆ ಯಾಖನ್ ನಗುತ್ತ ಅಂದ: "ಕವಿಗಳೇ, ನೀವು ಆ ಕಡೆ ಕೂತ್ಕೊಳ್ಳಿ. ಕತ್ತಲಲ್ಲಿ ಮಲ್ಕೊಂಡು ಪದ್ಯ ಕಟ್ಟೋರಿಗೆ ಮೂಲೆ ಏನು ಹೊಸದಾ?" ಸಭೆಯೆಲ್ಲ ನಕ್ಕಿತು.

ಹೌದು, ಕತ್ತಲಲ್ಲೇ ಕಟ್ಟಿದೆ. ತೀರಿಹೋದ ಅವನ ಅಪ್ಪನಿಗಾಗಿಯೇ ಕಟ್ಟಿದೆ, ಕಿಟಕಿಯಿಲ್ಲದ ಕೋಣೆಯಲ್ಲಿ, ನಮ್ಮ ಕವಿಗಳ ಹಳೆಯ ಪದ್ಧತಿಯಂತೆ ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಮಲಗಿ. ನಮ್ಮಲ್ಲಿ ಕಟ್ಟುವವನು ಬೇರೆ, ಸಭೆಯಲ್ಲಿ ಹಾಡುವವನು ಬೇರೆ. ನನ್ನ ಹಾಡುಗಾರ ಕಾಲಮ್ ಹೊಸ ದೊರೆ ಕೊಟ್ಟ ಹೊಸ ಅಂಗಿ ತೊಟ್ಟು ಎದ್ದು ನಿಂತ. ಹಾಡಿದ್ದು ಪಂಡಿತನ ಲ್ಯಾಟಿನ್ ಪದ್ಯ! ಅರ್ಥ ಅವನಿಗೂ ಗೊತ್ತಿಲ್ಲ. ಚಪ್ಪಾಳೆಗೇನೂ ಕಡಿಮೆಯಿರಲಿಲ್ಲ. ನನ್ನದನ್ನು ಯಾರೂ ಕೇಳಲಿಲ್ಲ.

ಊಟ ಮುಗಿದ ಮೇಲೆ ಹಿರಿಯ ದೊರೆಸಾನಿ ನನ್ನ ಮೂಲೆಗೇ ಬಂದರು. "ಆ ಲ್ಯಾಟಿನ್ ಪದ್ಯದಲ್ಲಿ ನಮ್ಮನೆಯವರು ಎಲ್ಲಿದ್ರು, ಕವಿಗಳೇ? ನಂಗೊಂದೂ ತಿಳೀಲಿಲ್ಲ. ನಿಮ್ಮದು ಹೇಳಿ, ಕೇಳ್ತೀನಿ."

"ಕವಿ ತನ್ನ ಪದ್ಯ ತಾನೇ ಹೇಳೋದು ನಮ್ಮ ಮನೆತನದಲ್ಲೇ ಇಲ್ಲ, ತಾಯಿ."

ಅವರು ನನ್ನನ್ನೇ ದಿಟ್ಟಿಸಿದರು. "ನನ್ನ ಮಗನಿಗೆ ಪ್ಯಾರಿಸ್ಸಿನ ಜಂಭ. ನಿಮಗೆ?" ಎಂದು ಹೊರಟೇ ಹೋದರು.

ಈಗ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಒಂದೊಂದು ಸಾಲೂ ನಾಲಿಗೆಯ ತುದಿಯಲ್ಲಿದೆ. ಕೇಳುವವರು ಯಾರೂ ಇಲ್ಲ, ತಡೆಯುವವರೂ ಇಲ್ಲ. ಆದರೂ ಈ ಹಾಳು ಬಾಯಿ ತೆರೆಯಲೊಲ್ಲದು.